ಮಕ್ಕಳ ಕಾಗದಕ್ಕೆ ಕಂಪನಿಯಿಂದ ಉತ್ತರ ಬರಬೇಕಾದರೆ: ಕೊಡಗಿನ ಅಪ್ಪ ಅಮ್ಮಂದಿರಿಗೊಂದು ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಕೊಡಗಿನ ಮಕ್ಕಳಿಗೆ ಹಾಕಿ ಬಿಟ್ಟರೆ ಬೇರೆ ಮಾತಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬ ಈಗ ಇಡೀ ಜಿಲ್ಲೆಯ ಬೇಸಿಗೆ ಜಾತ್ರೆ. ಮಕ್ಕಳು ಮ್ಯಾಚ್ ನೋಡುವುದಕ್ಕಿಂತ ಜಾಸ್ತಿ ಹೊತ್ತು ಯಾರ ಕೈಯಲ್ಲಿ ಯಾವ ಕಂಪನಿಯ ಸ್ಟಿಕ್ ಇದೆ ಅಂತ ನೋಡುತ್ತಾರೆ. ಆಮೇಲೆ ಮನೆಗೆ ಬಂದು ಕೇಳುತ್ತಾರೆ: "ಕಂಪನಿಗೆ ಕಾಗದ ಬರೆದರೆ ಫ್ರೀ ಕಳಿಸ್ತಾರಂತೆ, ಹೌದಾ?"

ಕೆಲವೊಮ್ಮೆ ಹೌದು. ಬಹಳ ಸಲ ಇಲ್ಲ. ಆದರೆ ಬರೆಯುವ ಬಗೆ ಗೊತ್ತಿದ್ದರೆ ಉತ್ತರವಾದರೂ ಬರುವ ಸಾಧ್ಯತೆ ಹೆಚ್ಚು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. "ಫ್ರೀ ಕೊಡಿ" ಅಂತ ಬರೆದ ಕಾಗದ ನೂರರಲ್ಲಿ ಒಂದಾಗಿ ಕಸದ ಬುಟ್ಟಿ ಸೇರುತ್ತದೆ. ಆ ವಸ್ತುವಿನ ಬಗ್ಗೆ ಮಗು ತಾನೇ ಕಣ್ಣಾರೆ ಗಮನಿಸಿದ್ದನ್ನು ಬರೆದ ಕಾಗದವನ್ನು ಆಫೀಸಿನಲ್ಲಿ ಪಕ್ಕದ ಮೇಜಿನವರಿಗೂ ತೋರಿಸುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಬ್ರಿಟನ್ನಿನದು. ಅಲ್ಲಿನ ಸೇನ್ಸ್‌ಬರೀಸ್ ಅಂಗಡಿಗಳಲ್ಲಿ 'ಟೈಗರ್ ಬ್ರೆಡ್' ಅಂತ ಒಂದು ಬ್ರೆಡ್ ಮಾರುತ್ತಿದ್ದರು. 2011ರಲ್ಲಿ ಮೂರೂವರೆ ವರ್ಷದ ಹುಡುಗಿಯೊಬ್ಬಳು ಅಪ್ಪ ಅಮ್ಮನ ಸಹಾಯದಿಂದ ಕಾಗದ ಬರೆದಳು. ಇದಕ್ಕೆ ಹುಲಿಯ ಹೆಸರು ಯಾಕೆ, ಜಿರಾಫೆಯ ಹೆಸರು ಇಡಬೇಕಿತ್ತಲ್ವಾ ಅಂತ ಕೇಳಿದಳು. ಬ್ರೆಡ್ಡಿನ ಮೇಲಿನ ಮಚ್ಚೆ ನಿಜಕ್ಕೂ ಜಿರಾಫೆಯ ಮೈಯ ಹಾಗೇ ಇತ್ತು. ಗ್ರಾಹಕ ವಿಭಾಗದವರು ಅವಳ ಮಾತು ಒಪ್ಪಿ ತಮಾಷೆಯಾಗಿ ಉತ್ತರ ಬರೆದರು, ಜೊತೆಗೆ 3 ಪೌಂಡಿನ ಗಿಫ್ಟ್ ಕಾರ್ಡ್ ಇಟ್ಟರು. ಆ ಎರಡು ಕಾಗದಗಳು ಜನರ ಕೈಯಿಂದ ಕೈಗೆ ಹೋಗಿ, 2012ರ ಜನವರಿಯಲ್ಲಿ ಕಂಪನಿ ಬ್ರೆಡ್ಡಿನ ಹೆಸರನ್ನೇ 'ಜಿರಾಫ್ ಬ್ರೆಡ್' ಅಂತ ಬದಲಾಯಿಸಿತು. ಹುಡುಗಿ ಏನನ್ನೂ ಬೇಡಿರಲಿಲ್ಲ.

ಕೇಳಿ ಪಡೆದವರೂ ಇದ್ದಾರೆ. 2013ರ ಆರಂಭದಲ್ಲಿ ಸುದ್ದಿಯಾದ ಏಳು ವರ್ಷದ ಬ್ರಿಟಿಷ್ ಹುಡುಗನ ಕಥೆ ಇದು. ಕ್ರಿಸ್‌ಮಸ್ ದುಡ್ಡಿನಲ್ಲಿ ಲೆಗೊ ನಿಂಜಾಗೊ ಆಟಿಕೆ ಕೊಂಡಿದ್ದ. "ಅಂಗಡಿಗೆ ತರಬೇಡ" ಅಂತ ಅಪ್ಪ ಹೇಳಿದರೂ ಕೇಳದೆ ಅದರ ಪುಟ್ಟ ಗೊಂಬೆಯನ್ನು ಕೋಟಿನ ಜೇಬಿನಲ್ಲಿ ಹಾಕಿಕೊಂಡು ಹೋಗಿ ಕಳೆದುಕೊಂಡ. ಕಾಗದದಲ್ಲಿ ಇದನ್ನೆಲ್ಲ ಮುಚ್ಚಿಡದೆ ಬರೆದ, ಇನ್ನು ಮೇಲೆ ಅಂಗಡಿಗೆ ಒಯ್ಯುವುದಿಲ್ಲ ಅಂತ ಮಾತೂ ಕೊಟ್ಟ. ಲೆಗೊ ಕಂಪನಿಯವರು ನಿಂಜಾಗೊ ಕಥೆಯ ಗುರು ಸೆನ್ಸೈ ವೂ ಜೊತೆ ಮಾತಾಡಿದಂತೆ ನಟಿಸಿ, "ನಿಮ್ಮ ಅಪ್ಪ ಬಹಳ ಬುದ್ಧಿವಂತರು" ಎಂಬ ಅರ್ಥದಲ್ಲಿ ಉತ್ತರ ಬರೆದು, ಹೊಸ ಗೊಂಬೆಯ ಜೊತೆ ಹೊಡೆದಾಡಲು ಒಬ್ಬ ಖಳನನ್ನೂ ಕಳಿಸಿದರು. ಆ ಕಾಗದ ಗೆದ್ದದ್ದು ನಿಜ ಹೇಳಿದ್ದರಿಂದ.

ಕಂಪನಿಗೆ ಇದರಿಂದ ಏನು ಲಾಭ ಅಂತ ಕೇಳಬಹುದು. ಲೆಕ್ಕ ಸುಲಭ. ಒಂದು ಗೊಂಬೆ, ಒಂದು ಪುಟ ಉತ್ತರ, ಅಂಚೆ ಖರ್ಚು. ಟಿವಿ ಜಾಹೀರಾತಿನ ಮುಂದೆ ಅದು ಏನೂ ಅಲ್ಲ. ಕಥೆ ಹರಡಿದರೆ ಜಾಹೀರಾತಿಗಿಂತ ದೊಡ್ಡ ಹೆಸರು. ಹರಡದಿದ್ದರೂ ಆ ಮಗು, ಅದರ ಮನೆಯವರು ಬೇರೆ ಬ್ರ್ಯಾಂಡ್ ಕೊಳ್ಳುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಇದು ಮಕ್ಕಳಿಗೂ ಗೊತ್ತಿರಲಿ. ಕಂಪನಿ ದೇವರಲ್ಲ, ಉಡುಗೊರೆಯ ಹಿಂದೆ ವ್ಯಾಪಾರವೂ ಇದೆ ಅಂತ ಹತ್ತು ವರ್ಷದ ಮಗುವಿಗೆ ಹೇಳಿದರೆ ಅರ್ಥವಾಗುತ್ತದೆ.

ಇನ್ನೊಂದು ಬಗೆಯ ಫ್ರೀ ನಮ್ಮ ದೇಶದಲ್ಲಿ ಹಳೆಯದು. ಈಗ ನಲವತ್ತು ದಾಟಿದವರಿಗೆ ಮ್ಯಾಗಿ ಕ್ಲಬ್ ನೆನಪಿರಬಹುದು, ಖಾಲಿ ಕವರ್ ಕಳಿಸಿದರೆ ಆಟದ ಸಾಮಾನು ಬರುತ್ತಿತ್ತು. ಬಿಗ್ ಫನ್ ಬಬಲ್ ಗಮ್ಮಿನ ರನ್, ವಿಕೆಟ್ ಚೀಟಿಗಳನ್ನು ಒಟ್ಟು ಮಾಡಿದವರೂ ಇದ್ದಾರೆ. 1999ರಲ್ಲಿ ಬ್ರಿಟಾನಿಯಾದ 'ಖಾವೋ, ವರ್ಲ್ಡ್ ಕಪ್ ಜಾವೋ' ಗಾಗಿ ಮನೆಮನೆಯಲ್ಲೂ ಬಿಸ್ಕೆಟ್ ಕವರ್ ಕೂಡಿಟ್ಟರು. ಅವೆಲ್ಲ ಸ್ಕೀಮು. ನಿಯಮ ಓದಿ, ಕೊನೆಯ ತಾರೀಕು ನೋಡಿ, ಕಳಿಸಿದರಾಯಿತು. ನಾನು ಇಲ್ಲಿ ಹೇಳುವುದು ಸ್ಕೀಮೇ ಇಲ್ಲದಾಗ ಬರೆಯುವ ಕಾಗದದ ಬಗ್ಗೆ.

ಯಾರಿಗೆ ಬರೆಯುವುದು

ಮಗು ದಿನಾ ಬಳಸುವ ವಸ್ತುವಿನಿಂದ ಶುರು ಮಾಡಿ. ಪೆನ್ಸಿಲ್, ಬಿಸ್ಕೆಟ್, ಸೋಪು, ಸೈಕಲ್, ಚೆಂಡು, ರೇನ್‌ಕೋಟು. "ನಿಮ್ಮ ಅಭಿಮಾನಿ" ಅಂತ ಬರೆದವರಿಗೆ ಆ ವಸ್ತುವಿನ ಮೂಲೆ ಮೂಲೆ ಗೊತ್ತಿರಬೇಕು. ಜಾಹೀರಾತಿನಲ್ಲಿ ಮಾತ್ರ ನೋಡಿದ ದುಬಾರಿ ಶೂ ಕಂಪನಿಗೆ ಬರೆದರೆ ಬರೆಯಲು ವಿಷಯವೇ ಇರುವುದಿಲ್ಲ, ಕೊನೆಗೆ "ಒಂದು ಜೊತೆ ಕಳಿಸಿ" ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ವಸ್ತುವನ್ನು ಕೈಗೆ ಕೊಟ್ಟು, ಇದರಲ್ಲಿ ನಿನಗೆ ಅರ್ಥವಾಗದ್ದು ಏನು ಅಂತ ಕೇಳಿ ನೋಡಿ. ಮೈಸೂರು ಸ್ಯಾಂಡಲ್ ಸೋಪಿನ ಗುರುತಿನಲ್ಲಿ ಆನೆಯ ತಲೆ, ಸಿಂಹದ ಮೈ ಇರುವ ಶರಭ ಇದೆ. ತೋಟದ ಬೇಲಿ ಮುರಿಯುವ ಆನೆಯನ್ನು ಕಿಟಕಿಯಿಂದಲೇ ನೋಡಿ ಬೆಳೆದ ಸಿದ್ದಾಪುರದ ಮಗುವಿಗೆ ಆ ಪ್ರಾಣಿ ಎಷ್ಟು ವಿಚಿತ್ರವಾಗಿ ಕಾಣಬೇಡ! "ಇದು ಏನು ತಿನ್ನುತ್ತದೆ, ಹುಲ್ಲಾ ಮಾಂಸವಾ?" ಎಂಬ ಪ್ರಶ್ನೆ ದೊಡ್ಡವರಿಗೆ ಹೊಳೆಯುವುದಿಲ್ಲ.

ಹತ್ತಿರದವರನ್ನು ಮರೆಯಬೇಡಿ. ಮಡಿಕೇರಿಯ ಚಾಕಲೇಟ್ ಮಾಡುವವರು, ಕುಶಾಲನಗರದ ಕಾಫಿಪುಡಿ ವ್ಯಾಪಾರಿ, ವಿರಾಜಪೇಟೆಯ ಜೇನಿನವರು. ಮುಂಬೈಯ ದೊಡ್ಡ ಕಂಪನಿಯಲ್ಲಿ ಮಗುವಿನ ಕಾಗದ ಎಷ್ಟೋ ಮೇಜು ದಾಟಬೇಕು. ಊರಿನ ಸಣ್ಣ ಕಂಪನಿಯಲ್ಲಿ ಅದನ್ನು ಮಾಲೀಕರೇ ಒಡೆದು ಓದುತ್ತಾರೆ. "ಬಂದು ನೋಡಿ ಹೋಗು ಮಗಳೇ" ಅಂತ ಕರೆಯುವವರು ಇವರೇ. ಚಾಕಲೇಟ್ ಅಚ್ಚಿಗೆ ಹೊಯ್ಯುವುದನ್ನು, ಜೇನು ಸೋಸುವುದನ್ನು ಕಣ್ಣಾರೆ ನೋಡುವುದು ಕೀ ಚೈನ್‌ಗಿಂತ ಎಷ್ಟೋ ಮೇಲು.

ವಿಳಾಸ ಪ್ಯಾಕೆಟ್ಟಿನಲ್ಲೇ ಇದೆ

ಇಂಟರ್‌ನೆಟ್‌ನಲ್ಲಿ ಹುಡುಕಲು ಹೋಗಬೇಡಿ. ಸರ್ಚ್ ಮಾಡಿದಾಗ ಸಿಗುವ 'ಕಸ್ಟಮರ್ ಕೇರ್' ನಂಬರುಗಳಲ್ಲಿ ಮೋಸದವೂ ಇರುತ್ತವೆ. 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಪ್ಯಾಕೆಟ್ಟಿನಲ್ಲಿ ಮಾರುವ ವಸ್ತುವಿನ ಮೇಲೆ ತಯಾರಕರ ಹೆಸರು, ವಿಳಾಸ ಇರಲೇಬೇಕು. ಗ್ರಾಹಕರು ಸಂಪರ್ಕಿಸಲು ವಿಳಾಸ, ಫೋನ್ ನಂಬರ್, ಇಮೇಲ್ ಕೂಡ ಕೊಡಬೇಕು.

ಒಂದು ಬಿಸ್ಕೆಟ್ ಪ್ಯಾಕೆಟ್ ತೆಗೆದುಕೊಂಡು ಹಿಂಬದಿ ನೋಡಿ. ಅಕ್ಷರ ಸಾಸಿವೆಯಷ್ಟು ಸಣ್ಣ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಮೊದಲು ಸಿಗುವುದು 'ಮ್ಯಾನುಫ್ಯಾಕ್ಚರ್ಡ್ ಬೈ'. ಅಲ್ಲಿ ಎರಡು ಮೂರು ಕಾರ್ಖಾನೆಗಳ ವಿಳಾಸ ಇರಬಹುದು. ಯಾವ ಕಾರ್ಖಾನೆಯ ಮಾಲು ಎಂಬುದನ್ನು ಎಷ್ಟೋ ಸಲ ಬ್ಯಾಚ್ ನಂಬರಿನ ಅಕ್ಷರ ಹೇಳುತ್ತದೆ. ಅಲ್ಲಿಗೆ ಬರೆಯಬೇಡಿ. ಕಾರ್ಖಾನೆಯ ಗೇಟಿನಲ್ಲಿ ಮಕ್ಕಳ ಕಾಗದ ಓದುವವರು ಯಾರೂ ಕೂತಿರುವುದಿಲ್ಲ. ಇನ್ನೂ ಸ್ವಲ್ಪ ಕೆಳಗೆ 'ಕನ್ಸ್ಯೂಮರ್ ಕೇರ್' ಅಥವಾ 'ಫೀಡ್‌ಬ್ಯಾಕ್' ಅಂತ ಇರುತ್ತದೆ, ಅದೇ ನಿಮಗೆ ಬೇಕಾದ್ದು. ವಿದೇಶಿ ಆಟಿಕೆಯಾದರೆ 'ಇಂಪೋರ್ಟೆಡ್ ಬೈ' ಚೀಟಿಯ ಮೇಲಿನ ಭಾರತದ ವಿಳಾಸಕ್ಕೆ ಬರೆಯುವುದೇ ಲೇಸು. ಹಾಕಿ ಸ್ಟಿಕ್ಕಿನಂಥ ವಸ್ತುವಿನ ಮೇಲೆ ಬರೀ ಬ್ರ್ಯಾಂಡ್ ಹೆಸರಿದ್ದರೆ, ಕೊಂಡ ಅಂಗಡಿಯಲ್ಲಿ ಕೇಳಿದರೆ ಡೀಲರ್ ವಿಳಾಸ ಕೊಡುತ್ತಾರೆ. ನಮ್ಮ ದೇಶದ ಹಾಕಿ ಸ್ಟಿಕ್ ಉದ್ಯಮದ ದೊಡ್ಡ ಕೇಂದ್ರ ಪಂಜಾಬಿನ ಜಲಂಧರ್, ಕ್ರಿಕೆಟ್ ಬ್ಯಾಟಿಗೆ ಮೀರತ್. ಬಹಳಷ್ಟು ಕಾಗದ ಅಲ್ಲಿಗೇ ಹೋಗಬೇಕಾಗುತ್ತದೆ.

ಕಾಗದ

ಇಲ್ಲೇ ಎಲ್ಲ ಕೆಡುವುದು, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಶಾಲೆಯಲ್ಲಿ ಪತ್ರಲೇಖನ ಕಲಿಸುತ್ತಾರೆ. 'ಇಂದ', 'ಗೆ', 'ಮಾನ್ಯರೇ', 'ವಿಷಯ'. ಆಮೇಲೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ". ಪಂಚಾಯಿತಿಗೆ ಬೀದಿದೀಪ ಕೇಳಲು ಅದು ಸರಿ. ಇಲ್ಲಿ ಬೇಡ. ಹಾಗೆ ಬರೆದ ಕೂಡಲೇ ಮಗು ಮಾಯವಾಗಿ ಗುಮಾಸ್ತರೊಬ್ಬರು ಬಂದು ಕೂರುತ್ತಾರೆ. ಇನ್ನು ಅಪ್ಪನೋ ಅಮ್ಮನೋ ಹೇಳಿಕೊಟ್ಟು ಬರೆಸಿದ ಕಾಗದ ಎರಡನೇ ಸಾಲಿಗೇ ಸಿಕ್ಕಿಬೀಳುತ್ತದೆ. "ನಿಮ್ಮ ಉತ್ಪನ್ನದ ಗುಣಮಟ್ಟ ಅತ್ಯುತ್ತಮ" ಅಂತ ಯಾವ ಮಗು ಹೇಳುತ್ತದೆ ಹೇಳಿ!

ನಿಮ್ಮ ಕೆಲಸ ಕೇಳುವುದು. ಯಾವಾಗ ಬಳಸುತ್ತೀಯ? ಮುರಿದಿದೆಯಾ? ಯಾರು ಸರಿ ಮಾಡಿಕೊಟ್ಟರು? ಅದರಲ್ಲಿ ನಿನಗೆ ಇಷ್ಟವಾಗದ್ದೇನು? ಉತ್ತರಗಳನ್ನು ಮಗು ತನ್ನ ಮಾತಿನಲ್ಲೇ ಬರೆಯಲಿ. ಕಾಗುಣಿತ ತಪ್ಪಿದರೆ ತಪ್ಪಲಿ, ತಿದ್ದಿ ನಕಲು ಮಾಡಿಸಬೇಡಿ.

ಎಡಗೈಯ ಹುಡುಗಿಯೊಬ್ಬಳು ಹಾಕಿ ಸ್ಟಿಕ್ ಕಂಪನಿಗೆ ಬರೆಯುತ್ತಾಳೆ ಅಂದುಕೊಳ್ಳಿ. ಕಾಗದ ಹೀಗಿರಬಹುದು:

"ನಮಸ್ಕಾರ. ನಾನು ಕೊಡಗಿನವಳು, ಐದನೇ ಕ್ಲಾಸ್. ನಮ್ಮಲ್ಲಿ ಬೇಸಿಗೆ ರಜೆಯಲ್ಲಿ ಒಂದೊಂದು ಮನೆತನದವರು ಒಂದೊಂದು ಟೀಮ್ ಮಾಡಿ ಹಾಕಿ ಆಡುತ್ತಾರೆ. ನಮ್ಮ ಟೀಮಿನಲ್ಲಿ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪನ ಮಗಳು ಇದ್ದಾರೆ. ನಾನು ಇನ್ನೂ ಚಿಕ್ಕವಳು ಅಂತ ಹೊರಗೆ ಕೂರಿಸುತ್ತಾರೆ.

ನನ್ನ ಸ್ಟಿಕ್ ನಿಮ್ಮ ಕಂಪನಿಯದು. ಮೊದಲು ಅಣ್ಣನದಾಗಿತ್ತು. ಅದರ ಗ್ರಿಪ್ ಕಿತ್ತುಹೋಗಿದೆ. ಅಜ್ಜ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿಕೊಟ್ಟರು. ಮಳೆಯಲ್ಲಿ ಜಾರುವುದಿಲ್ಲ, ಆದರೆ ಕೈ ಕಪ್ಪಾಗುತ್ತದೆ.

ನನ್ನದು ಎಡಗೈ. ಕ್ರಿಕೆಟ್‌ನಲ್ಲಿ ಎಡಗೈಯವರು ಆ ಕಡೆ ತಿರುಗಿ ನಿಂತು ಆಡುತ್ತಾರೆ. ಹಾಕಿಯಲ್ಲಿ ಎಡಗೈ ಸ್ಟಿಕ್ ಯಾಕೆ ಇಲ್ಲ? ನೀವು ಸುಮ್ನೆ ನೋಡೋಣ ಅಂತ ಒಂದಾದರೂ ಮಾಡಿದ್ದೀರಾ? ಮಾಡಿದ್ದರೆ ಅದು ಈಗ ಎಲ್ಲಿದೆ?"

ಹಾಕಿ ಸ್ಟಿಕ್ಕಿನ ಎಡಬದಿ ಮಾತ್ರ ಚಪ್ಪಟೆ. ಉಬ್ಬಿದ ಬದಿಯಲ್ಲಿ ಚೆಂಡು ಆಡುವಂತಿಲ್ಲ ಅಂತ ನಿಯಮ. ಹಾಗಾಗಿ ಎಡಗೈಯವರಿಗೂ ಬಲಗೈಯವರಿಗೂ ಒಂದೇ ಸ್ಟಿಕ್. ಹಿಪ್ಪುನೇರಳೆ ಮರದ ಸ್ಟಿಕ್ಕನ್ನು ವರ್ಷಗಟ್ಟಲೆ ಬಗ್ಗಿಸಿದ ಜಲಂಧರಿನ ಕಾರೀಗರನಿಗೆ ಇದು ಚೆನ್ನಾಗಿ ಗೊತ್ತು, ಆದರೆ ಅವನನ್ನು ಇದನ್ನು ಕೇಳುವವರು ಕಡಿಮೆ. ತನ್ನ ಕಸುಬಿನ ಬಗ್ಗೆ ಒಂದು ಮಗು ಕೇಳಿದರೆ ಉತ್ತರ ಕೊಡದೆ ಇರುವುದು ಕಷ್ಟ.

ಇನ್ನೊಂದು ಗಮನಿಸಿ. ಸ್ಟಿಕ್ ಕಳಿಸಿ ಎಂಬ ಮಾತು ಆ ಕಾಗದದಲ್ಲಿ ಎಲ್ಲೂ ಇಲ್ಲ. ಆದರೆ ಗ್ರಿಪ್ ಕಿತ್ತುಹೋಗಿದೆ, ಕೈ ಕಪ್ಪಾಗುತ್ತದೆ ಅಂತ ಇದೆ. ಗ್ರಿಪ್ ಅಂದರೆ ಕಡಿಮೆ ಬೆಲೆಯ, ಹಗುರ ವಸ್ತು. ಅದನ್ನು ಮಡಚಿ ಕವರಿನಲ್ಲಿ ಹಾಕಿ ಕಳಿಸಲು ಯಾರನ್ನೂ ಕೇಳಬೇಕಾಗಿಲ್ಲ. ಸ್ಟಿಕ್ ಕಳಿಸಬೇಕಾದರೆ ಮ್ಯಾನೇಜರ್ ಸಹಿ, ಸ್ಟಾಕ್ ಲೆಕ್ಕ, ಉದ್ದದ ಪಾರ್ಸೆಲ್ ಎಲ್ಲ ಬೇಕು. ಮೇಜಿನ ಖಾನೆಯಲ್ಲಿರುವ ಸ್ಟಿಕ್ಕರ್, ಪೋಸ್ಟರ್, ಬ್ಯಾಡ್ಜ್ ಮಕ್ಕಳಿಗೆ ಬೇಗ ಬರುವುದೂ ಇದೇ ಕಾರಣಕ್ಕೆ.

ಭಾಷೆಯ ಚಿಂತೆ ಬೇಡ. ಮಗು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಇರಲಿ. ಕೆಳಗೆ ನೀವು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ನಾಲ್ಕು ಸಾಲಿನ ಸಾರ ಬರೆದು, "ಇದು ನನ್ನ ಮಗಳೇ ಬರೆದದ್ದು, ನನ್ನ ಒಪ್ಪಿಗೆ ಇದೆ" ಅಂತ ಸಹಿ ಹಾಕಿ. ಒಂದು ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ಸೈಕಲ್ ಟ್ಯೂಬ್ ಸುತ್ತಿದ ಸ್ಟಿಕ್ಕಿನ ಚಿತ್ರ ಯಾರಿಗೆ ಬೇಡ?

ಹೊಸ ಐಡಿಯಾ ಕೊಡುವಾಗ ಮಾತ್ರ ಹುಷಾರು. "ನೀವು ಇಂಥ ಆಟಿಕೆ ಮಾಡಿ" ಅಂತ ಬರೆದರೆ ಎಷ್ಟೋ ದೊಡ್ಡ ಕಂಪನಿಗಳ ವಕೀಲರು ಅದನ್ನು ಓದಲೂ ಬಿಡುವುದಿಲ್ಲ. ನಾಳೆ ಅಂಥದ್ದೇ ಏನಾದರೂ ಬಂದರೆ ಐಡಿಯಾ ನಮ್ಮದು ಅಂತ ಕೇಸ್ ಹಾಕಿಬಿಟ್ಟರೆ ಎಂಬ ಭಯ. ಆಪಲ್‌ನವರು ಕೇಳದೆ ಬಂದ ಐಡಿಯಾ ತೆಗೆದುಕೊಳ್ಳುವುದಿಲ್ಲ ಅಂತ ಬಹಿರಂಗವಾಗಿಯೇ ಹೇಳಿದ್ದಾರೆ. ಲೆಗೊದಲ್ಲಿ ಅದಕ್ಕೆ 'ಲೆಗೊ ಐಡಿಯಾಸ್' ಅಂತ ಬೇರೆ ದಾರಿ ಇದೆ, ಅಲ್ಲಿ 10,000 ಜನ ಬೆಂಬಲಿಸಿದ ವಿನ್ಯಾಸವನ್ನು ಮಾತ್ರ ಪರಿಶೀಲಿಸುತ್ತಾರೆ. ಹಾಗಾಗಿ ಪ್ರಶ್ನೆ ಕೇಳುವುದೇ ಉತ್ತಮ.

ಕೊರತೆ ತೋರಿಸುವುದಕ್ಕೆ ಅಡ್ಡಿಯಿಲ್ಲ. 2018ರಲ್ಲಿ ಅಮೆರಿಕದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಾಸ್ಕೆಟ್‌ಬಾಲ್ ಆಟಗಾರ ಸ್ಟೆಫನ್ ಕರಿಗೆ ಬರೆದಳು. ನಿಮ್ಮ ಹೆಸರಿನ ಶೂ ಹುಡುಗಿಯರ ವಿಭಾಗದಲ್ಲಿ ಯಾಕೆ ಇಲ್ಲ ಅಂತ ಕೇಳಿದಳು. ಕರಿ ತಮ್ಮ ಕೈಯಲ್ಲೇ ಉತ್ತರ ಬರೆದರು, ಆ ಶೂ ಮಾಡುವ ಅಂಡರ್ ಆರ್ಮರ್ ಕಂಪನಿಯ ವೆಬ್‌ಸೈಟ್‌ನಲ್ಲಿ ತಪ್ಪನ್ನು ಸರಿಮಾಡಿಸಿದರು, ಶೂ ಕಳಿಸಿದರು. 2019ರ ಮಾರ್ಚ್‌ನ ಮಹಿಳಾ ದಿನಕ್ಕೆ ಬಂದ ವಿಶೇಷ ಶೂವಿನ ಒಳಗೆ ಆ ಹುಡುಗಿ ಬಿಡಿಸಿದ ಚಿತ್ರವೇ ಇತ್ತು.

ಶಾಲೆಯಲ್ಲಿ ಇಡೀ ಕ್ಲಾಸಿನಿಂದ ಬರೆಸುವ ಟೀಚರುಗಳಿಗೆ ಒಂದು ಮಾತು. ಬೋರ್ಡಿನ ಮೇಲೆ ಬರೆದು ಎಲ್ಲರಿಂದ ನಕಲು ಮಾಡಿಸಿದ ಕಾಗದಗಳಿಗೆ ಯಾರೂ ಉತ್ತರ ಬರೆಯುವುದಿಲ್ಲ. ಒಬ್ಬೊಬ್ಬರದು ಒಂದೊಂದು ಥರ ಇರುವ ಹತ್ತು ಕಾಗದ ಒಂದೇ ದೊಡ್ಡ ಕವರಿನಲ್ಲಿ ಹೋಗಲಿ, ಶಾಲೆಯ ಸೀಲು, ಟೀಚರ್ ಸಹಿ ಜೊತೆಗಿರಲಿ.

ಹೆಸರು, ವಿಳಾಸ, ಪಿನ್ ಕೋಡ್

ಮಗುವಿನ ಮೊದಲ ಹೆಸರು, ವಯಸ್ಸು ಅಥವಾ ತರಗತಿ ಸಾಕು. ಹುಟ್ಟಿದ ತಾರೀಕು, ಯೂನಿಫಾರ್ಮ್ ಹಾಕಿದ ಫೋಟೋ, ಶಾಲೆಗೆ ಹೋಗಿ ಬರುವ ಹೊತ್ತು ಇವೆಲ್ಲ ಬೇಡ. ವಿಳಾಸ ಕೇರ್ ಆಫ್ ಅಪ್ಪ ಅಥವಾ ಅಮ್ಮ. ಫೋನ್, ಇಮೇಲ್ ನಿಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ನೀವೇ ಸಹಿ ಮಾಡಿ ಕಳಿಸಿದರೆ ಕಂಪನಿಗೂ ಉತ್ತರ ಕೊಡಲು ಧೈರ್ಯ ಬರುತ್ತದೆ. ಮಗುವಿನ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಅಕೌಂಟ್ ತೆರೆದು ಮೆಸೇಜ್ ಹಾಕಲು ಹೋಗಬೇಡಿ, ಅಲ್ಲಿ 13 ವರ್ಷ ತುಂಬಿರಬೇಕು ಅಂತ ನಿಯಮ ಇದೆ.

ನಮ್ಮ ಕಡೆಯ ವಿಳಾಸ ಹೊರಗಿನವರಿಗೆ ಒಗಟು. ಮನೆ ನಂಬರಿಲ್ಲ, ಬೀದಿ ಹೆಸರಿಲ್ಲ. ಮನೆತನದ ಹೆಸರು, ತೋಟದ ಹೆಸರು, ಊರು, ಅಂಚೆ, ತಾಲೂಕು, ಜಿಲ್ಲೆ ಇವನ್ನು ಒಂದರ ಕೆಳಗೊಂದು ಬರೆದು ಪಿನ್ ಕೋಡ್ ದೊಡ್ಡದಾಗಿ ಬರೆಯಿರಿ. ಪಿನ್ ಇಲ್ಲದ 'ಸಿದ್ದಾಪುರ' ಉತ್ತರ ಕನ್ನಡಕ್ಕೆ ಹೋಗಿ ತಿರುಗಿ ಬರಬಹುದು. ನಮ್ಮ ಸಿದ್ದಾಪುರ 571253, ಅಲ್ಲಿಯದು 581355. ಕುಶಾಲನಗರ, ಪೊನ್ನಂಪೇಟೆ ಬೇರೆ ತಾಲೂಕುಗಳಾದ ಮೇಲೂ ಹಳೆಯ ತಾಲೂಕಿನ ಹೆಸರು ಬರೆಯುವವರಿದ್ದಾರೆ. ಪಿನ್ ಸರಿ ಇದ್ದರೆ ಅದರಿಂದ ತೊಂದರೆಯಿಲ್ಲ. ಜಲಂಧರಿನವರು ಕನ್ನಡ ಓದಲಾರರು, ಆದ್ದರಿಂದ ಉತ್ತರ ಕಳಿಸುವ ವಿಳಾಸ ಇಂಗ್ಲಿಷ್‌ನಲ್ಲೂ ಇರಲಿ. ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಖಾಲಿ ಕವರ್ ಒಳಗಿಟ್ಟರೆ ಸಣ್ಣ ಕಂಪನಿಯವರಿಗೆ ಬಹಳ ಸುಲಭ.

ಉತ್ತರ ಅಂಚೆಯಲ್ಲೇ ಕಳಿಸಿ ಅಂತ ಒಂದು ಸಾಲು ಸೇರಿಸಿ. ಕೊರಿಯರ್‌ನವರು ತೋಟದೊಳಗಿನ ಮನೆವರೆಗೆ ಬರುವುದು ಕಡಿಮೆ. ಗೋಣಿಕೊಪ್ಪದಿಂದಲೋ ಕುಶಾಲನಗರದಿಂದಲೋ ಫೋನ್ ಮಾಡುತ್ತಾರೆ, ನಮ್ಮಲ್ಲಿ ನೆಟ್‌ವರ್ಕ್ ಇರುವುದಿಲ್ಲ, 'ವಿಳಾಸದಲ್ಲಿ ಯಾರೂ ಸಿಗಲಿಲ್ಲ' ಅಂತ ಪಾರ್ಸೆಲ್ ವಾಪಸ್ ಹೋಗುತ್ತದೆ. ಅಂಚೆಯಣ್ಣನಿಗೆ ಮಾತ್ರ ಯಾರ ಮನೆ ಎಲ್ಲಿ, ಯಾರ ನಾಯಿ ಕಚ್ಚುತ್ತದೆ ಎಲ್ಲ ಗೊತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆದರೆ ಬಾಲ್ ಪೆನ್ನೇ ಬಳಸಿ. ಜೆಲ್ ಪೆನ್, ಸ್ಕೆಚ್ ಪೆನ್ ಒಂದು ಹನಿ ನೀರು ತಾಗಿದರೂ ಹರಡುತ್ತವೆ. ಚಿತ್ರಕ್ಕೆ ಕ್ರೇಯಾನ್ ಒಳ್ಳೆಯದು. ನಮ್ಮ ಮಳೆಗಾಲದ ತೇವಕ್ಕೆ ಕವರಿನ ಗೋಂದು ಬಿಟ್ಟುಕೊಳ್ಳುತ್ತದೆ, ಮೇಲೊಂದು ಟೇಪ್ ಹಚ್ಚಿ. 20 ಗ್ರಾಂವರೆಗಿನ ಸಾದಾ ಕಾಗದಕ್ಕೆ 5 ರೂಪಾಯಿ ಸ್ಟಾಂಪ್ ಸಾಕು, ಸ್ಪೀಡ್ ಪೋಸ್ಟ್ ಖರ್ಚು ಬೇಡ. ರಸ್ತೆ ಕುಸಿದ ವಾರ ಮಾತ್ರ ಕಾದು ಕಳಿಸಿ.

ಕಾಯುವುದು, ಬಂದದ್ದು, ಬಾರದ್ದು

ಎರಡು ತಿಂಗಳು ಮರೆತುಬಿಡಿ. ಆಮೇಲೆ ಬೇಕಾದರೆ ಇಮೇಲಿನಲ್ಲಿ ಒಮ್ಮೆ ನೆನಪಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ, ಬೇರೆ ಕಂಪನಿ ಇದೆ. ಕಾಗದ ಡಬ್ಬಿಗೆ ಹಾಕುವ ಮುಂಚೆಯೇ "ಉತ್ತರ ಬಾರದೇ ಇರಬಹುದು" ಅಂತ ಮಗುವಿಗೆ ಹೇಳಿರಿ. ಪಕ್ಕದ ಮನೆಯ ಮಗುವಿಗೆ ಬಂದು ನಿಮ್ಮ ಮಗುವಿಗೆ ಬರದಿದ್ದರೆ ಅಳು ಗ್ಯಾರಂಟಿ.

ಬಂದರೆ ಏನು ಬರಬಹುದು? ಹೆಚ್ಚಾಗಿ ಅಚ್ಚು ಹಾಕಿದ ಒಂದು ಉತ್ತರ, ಸ್ಟಿಕ್ಕರ್, ಡಿಸ್ಕೌಂಟ್ ಕೂಪನ್. ಕೂಪನ್ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಬೆಂಗಳೂರಿನ ಮಾಲ್‌ನಲ್ಲಿ ಮಾತ್ರ ನಡೆಯುವ 10 ಶೇಕಡಾ ಕೂಪನ್ ಇಟ್ಟುಕೊಂಡು ನಾಪೋಕ್ಲುವಿನ ಮಗು ಏನು ಮಾಡಬೇಕು? ತಿಂಡಿ ಬಂದರೆ ಕೊನೆಯ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ ಕೊಡಿ. ಆಟಿಕೆ ಬಂದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗೆ ಅದು ಕಡ್ಡಾಯ.

ಏನು ಬಂದರೂ ವಾರದೊಳಗೆ ಧನ್ಯವಾದದ ಕಾರ್ಡ್ ಹೋಗಲಿ. ಅದನ್ನು ಬರೆಯುವವರು ಕಡಿಮೆ, ಹಾಗಾಗಿ ಬಂದದ್ದು ಅವರ ನೆನಪಿನಲ್ಲಿ ಉಳಿಯುತ್ತದೆ. ಬಂದ ಗ್ರಿಪ್ ಸುತ್ತಿದ ಸ್ಟಿಕ್ ಹಿಡಿದ ಕೈಯ ಚಿತ್ರವೊಂದು ಇದ್ದರೆ ಸಾಕು.

ಸಿಕ್ಕಿದ್ದನ್ನು ರೀಲ್ಸ್ ಮಾಡಿ ಹಾಕುವ ಆಸೆ ಬರುತ್ತದೆ. ನಿಮ್ಮ ಅಕೌಂಟಿನಿಂದ ಹಾಕುವುದಾದರೆ, ಇದು ಕಂಪನಿ ಉಚಿತವಾಗಿ ಕೊಟ್ಟದ್ದು ಅಂತ ಮೊದಲ ಸಾಲಿನಲ್ಲೇ ಹೇಳಿ. ಜಾಹೀರಾತು ಮಾನದಂಡ ನೋಡುವ ಎಎಸ್‌ಸಿಐ 2021ರಲ್ಲಿ, ಕೇಂದ್ರ ಗ್ರಾಹಕ ಇಲಾಖೆ 2023ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಇನ್‌ಫ್ಲುಯೆನ್ಸರ್‌ಗಳು ಫ್ರೀ ಸಿಕ್ಕ ವಸ್ತುವನ್ನೂ ಬಹಿರಂಗಪಡಿಸಬೇಕು. ವಿಳಾಸ ಕಾಣುವ ಕವರಿನ ಫೋಟೋ ಹಾಕಲೇಬೇಡಿ.

ವಿದೇಶಿ ಕಂಪನಿಗೆ ಬರೆದವರಿಗೆ ಒಂದು ಎಚ್ಚರಿಕೆ. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಗಿಫ್ಟ್' ಎಂಬ ಹೆಸರಿನಲ್ಲಿ ಸುಂಕವಿಲ್ಲದೆ ವಸ್ತು ತರಿಸುವುದನ್ನು ನಿಲ್ಲಿಸಿತು. ಜೀವ ಉಳಿಸುವ ಔಷಧಿ, ರಾಖಿಗೆ ಮಾತ್ರ ವಿನಾಯಿತಿ. ಹಾಗಾಗಿ ಹೊರಗಿನಿಂದ ಬಂದ ಫ್ರೀ ಗೊಂಬೆಗೂ ಸುಂಕ ಬೀಳಬಹುದು. ಅಂಚೆಯಲ್ಲಿ ಬಂದರೆ ಅದನ್ನು ಪಾರ್ಸೆಲ್ ಕೊಡುವಾಗ ಅಂಚೆಯವರೇ ರಸೀದಿ ಸಮೇತ ವಸೂಲಿ ಮಾಡುತ್ತಾರೆ. "ನಿಮ್ಮ ಗಿಫ್ಟ್ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರ ಕೈಗೆ ಸಿಕ್ಕಿದೆ, ಈ ಅಕೌಂಟಿಗೆ ದುಡ್ಡು ಹಾಕಿ" ಅಂತ ಫೋನ್ ಬಂದರೆ ಅದು ಕಳ್ಳರದೇ.

ಮೋಸದ ಇನ್ನೆರಡು ಮುಖಗಳು. ಒಂದು ವಾಟ್ಸಾಪ್ ಫಾರ್ವರ್ಡ್. ಅಡಿಡಾಸ್ ವಾರ್ಷಿಕೋತ್ಸವಕ್ಕೆ ಫ್ರೀ ಶೂ, ಟಾಟಾ 150ನೇ ವರ್ಷಕ್ಕೆ ಕಾರು, ಇಂಥವೆಲ್ಲ ಸುತ್ತಿವೆ, ಎಲ್ಲವೂ ಸುಳ್ಳು. ಹತ್ತು ಜನಕ್ಕೆ ಕಳಿಸಿ ಎಂಬ ಸಾಲು ಕಂಡರೆ ಅಳಿಸಿ. ಇನ್ನೊಂದು "ನಿಮ್ಮ ಮಗು ಬ್ರ್ಯಾಂಡ್ ಅಂಬಾಸಿಡರ್ ಆಗಿ ಆಯ್ಕೆಯಾಗಿದೆ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ" ಎಂಬ ಮೆಸೇಜ್. ಫ್ರೀ ಕೊಡುವವರು ಡೆಲಿವರಿ ಚಾರ್ಜ್ ಅಂತಲೂ ಒಂದು ರೂಪಾಯಿ ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದೂರಿನ ಕಾಗದವನ್ನು ಅಭಿಮಾನದ ಕಾಗದದ ಜೊತೆ ಬೆರೆಸಬೇಡಿ. ಡಬ್ಬಿಯಲ್ಲಿ ಲೆಗೊ ತುಂಡು ಕಡಿಮೆ ಬಂದರೆ, ಬಿಸ್ಕೆಟ್ಟಿನಲ್ಲಿ ಹುಳ ಸಿಕ್ಕರೆ ಬದಲಿ ಪಡೆಯುವುದು ನಿಮ್ಮ ಹಕ್ಕು, ಅದಕ್ಕೆ ಮಗುವಿನ ಮುದ್ದು ಅಕ್ಷರ ಬೇಕಿಲ್ಲ. ಬಿಲ್, ಕವರ್, ಬ್ಯಾಚ್ ನಂಬರ್ ಇಟ್ಟುಕೊಂಡು ದೊಡ್ಡವರೇ ಬರೆಯಿರಿ, ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಫ್ರೀ ಪ್ಯಾಕೆಟ್ ಸಿಗಲಿ ಅಂತ ಮಕ್ಕಳ ಕೈಯಲ್ಲಿ ಸುಳ್ಳು ದೂರು ಬರೆಸುವವರೂ ಇದ್ದಾರೆ. ಅಂಥವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಕಾಗದ ಬರೆಯುವ ರುಚಿ ಹತ್ತಿದ ಮಗುವಿಗೆ ನಿಜವಾದ ಬಹುಮಾನದ ದಾರಿ ಅಂಚೆ ಇಲಾಖೆಯಲ್ಲೇ ಇದೆ. ಅವರ 'ಢಾಯಿ ಆಖರ್' ಪತ್ರ ಬರೆಯುವ ಸ್ಪರ್ಧೆಯಲ್ಲಿ 18 ವರ್ಷದೊಳಗಿನವರಿಗೆ ಬೇರೆ ವಿಭಾಗ ಇದೆ, ಸ್ಥಳೀಯ ಭಾಷೆಯಲ್ಲೂ ಬರೆಯಬಹುದು. ದೇಶಮಟ್ಟದ ಮೊದಲ ಬಹುಮಾನ 50,000 ರೂಪಾಯಿ. 9ರಿಂದ 15 ವರ್ಷದವರಿಗೆ ವಿಶ್ವ ಅಂಚೆ ಒಕ್ಕೂಟ 1971ರಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ಸ್ಪರ್ಧೆಯೂ ಇದೆ. ವಿಷಯ ಸಲ ಸಲಕ್ಕೂ ಬದಲಾಗುತ್ತದೆ. ಈ ಸಲದ ವಿಷಯ, ಕೊನೆಯ ದಿನಾಂಕ ಎರಡೂ ಮಡಿಕೇರಿಯ ಹೆಡ್ ಪೋಸ್ಟ್ ಆಫೀಸಿನಲ್ಲಿ ಕೇಳಿದರೆ ಸಿಗುತ್ತವೆ.